ಎರಡು ಗುಡ್ಡ, ಒಂದು ಬಣ್ಣದ ಪಟ್ಟಿ

ಗಂಗಾವತಿ ಬಳಿಯ ಹೇಮಗುಡ್ಡದ ಬಂಡೆಗೆ ಬೆನ್ನು ಕೊಟ್ಟು ಕೂತರೆ, ಹೊತ್ತು ಮುಳುಗಿದ ಮೇಲೂ ಕಲ್ಲಿನ ಕಾವು ಮೈಗೆ ಹತ್ತುತ್ತದೆ. ಈ ಸೀಮೆಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ. ಹೀಗೆ ಕೂತಾಗೆಲ್ಲ ನನಗೆ ಮುರ್ಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪ ನೆನಪಾಗುತ್ತದೆ. ಅದನ್ನೂ ಜನ ಗುಡ್ಡವೆಂದೇ ಕರೆಯುತ್ತಾರೆ. ಆ ಗುಡ್ಡದ ಬುಡದಲ್ಲಿ, ನೀರೊಳಗೆ, ಹವಳವಿದೆ.

ನಮ್ಮ ಕಡೆ ಹವಳವೆಂದರೆ ಅಜ್ಜಿಯರ ಕೊರಳಿನ ಕೆಂಪು ಮಣಿ. ಬಹಳ ದಿನ ಅದನ್ನು ಕಲ್ಲೆಂದೇ ನಂಬಿದ್ದೆ. ಅದೊಂದು ಪ್ರಾಣಿ ಬಿಟ್ಟುಹೋದ ಎಲುಬು. ಕಡಲಡಿಯಲ್ಲಿ ದಿಬ್ಬ ಕಟ್ಟುವ ಹವಳದ ಕುಲ ಬೇರೆ, ಸೋಜಿಗ ಇನ್ನೂ ದೊಡ್ಡದು. ಜೋಳದ ಕಾಳಿನಷ್ಟು ಜೀವ, ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ತನಗೆ ಮನೆ ಕೊಟ್ಟವರಿಗೆ ಉಣಿಸುತ್ತದೆ. ಬಣ್ಣವೂ ಬಹುಪಾಲು ಅದರದೇ. ಬೇಸಿಗೆಯ ರೂಢಿಯ ಕಾವಿಗಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ ಸಾಕು, ನಂಟು ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚುತ್ತದೆ. ಒಂದೇ ಡಿಗ್ರಿ! ಮೇ ತಿಂಗಳ ಗಂಗಾವತಿಯಲ್ಲಿ ಒಂದು ಡಿಗ್ರಿ ಏರಿದ್ದು ಯಾರ ಅರಿವಿಗೆ ಬಂದೀತು?

2024ರಲ್ಲಿ ಲಕ್ಷದ್ವೀಪದ ಹವಳ ಹೀಗೆಯೇ ಬಿಳಿಚಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಕಣ್ಣಿಂದ ಕಡಲ ಕಾವು ನೋಡಿ ಮುನ್ನೆಚ್ಚರಿಕೆ ಕೊಡುತ್ತದೆ. ಆದರೆ ನನ್ನ ಮನಸ್ಸು ನಿಂತಿದ್ದು ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿಯ ಮೇಲೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಅದರ ಅಂಚಿನಲ್ಲಿ ತಿಳಿಯಿಂದ ಗಾಢಕ್ಕೆ ಒಂದರಿಂದ ಆರರವರೆಗೆ ಛಾಯೆಗಳು. ಮುಳುಗಿದವರು ಅದನ್ನು ಹವಳದ ಪಕ್ಕ ಹಿಡಿಯುತ್ತಾರೆ. ಎಲ್ಲಕ್ಕಿಂತ ತಿಳಿಯಾದ ಜಾಗ ಯಾವ ಅಂಕಿಗೆ ಹೊಂದಿತು, ಗಾಢವಾದದ್ದು ಯಾವುದಕ್ಕೆ ಎಂದು ಬರೆದುಕೊಳ್ಳುತ್ತಾರೆ. ಮತ್ತೊಮ್ಮೆ ಹೋಗಿ ಮತ್ತೆ ಹಿಡಿಯುತ್ತಾರೆ.

ಇದು ನಮಗೆ ಹೊಸತಲ್ಲ. ಭತ್ತದ ಗದ್ದೆಯಲ್ಲಿ ರೈತ ಬಿಸಿಲಿಗೆ ಬೆನ್ನು ಮಾಡಿ, ತನ್ನದೇ ನೆರಳಿನಲ್ಲಿ ಎಲೆಯನ್ನು ಬಣ್ಣದ ಪಟ್ಟಿಯ ಮೇಲಿಟ್ಟು ನೋಡುತ್ತಾನೆ. ಹಸಿರು ತೆಳುವಾಗಿದ್ದರೆ ಯೂರಿಯಾ ಎರಚುತ್ತಾನೆ. ಕಡಲಿಗೆ ಏನು ಎರಚೋಣ? ಮುಳುಗಿದವನ ಕೈಯಲ್ಲಿ ಬರೀ ಪಟ್ಟಿಯಿದೆ, ಗೊಬ್ಬರವಿಲ್ಲ. ಆದರೂ ನೋಡುವುದನ್ನು ಬಿಟ್ಟಿಲ್ಲ. ನನಗೆ ಕೈಮುಗಿಯಬೇಕೆನಿಸುವುದು ಅದಕ್ಕೆ.

ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ, ಹಸಿದಿರುತ್ತದೆ ಅಷ್ಟೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ, ಪಟ್ಟಿಯ ಅಂಕಿ ಒಂದೊಂದಾಗಿ ಮೇಲೇರುತ್ತದೆ.