ಖಾಲಿ ಕಾಗದದ ಮೇಲಿನ ಮೊಹರು

ಭಾಲ್ಕಿ ತಾಲೂಕಿನ ನಮ್ಮ ಮೆಹಕರದಲ್ಲಿ ಒಬ್ಬ ವಯಸ್ಸಾದ ಹಕೀಮರಿದ್ದಾರೆ. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಜನ ಅವರ ಮುಂದೆ ತಮ್ಮ ನೋವು ಹೇಳಿಕೊಳ್ಳುತ್ತಾರೆ. ಅಮೃತಬಳ್ಳಿ, ನೆಲಬೇವು ಹಾಕಿ ಕುದಿಸಿದ ಕಷಾಯ ಕೊಡುತ್ತಾರೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಎಚ್‌ಐವಿ ಸೋಂಕು ತಗುಲಿದ ರೋಗಿಯೊಬ್ಬ ಅವರ ಕಷಾಯ ಕುಡಿದು ಚೇತರಿಸಿಕೊಂಡ. ಆತ ಸರ್ಕಾರಿ ಆಸ್ಪತ್ರೆಯ ಗುಳಿಗೆಯನ್ನೂ ತಪ್ಪದೆ ನುಂಗುತ್ತಿದ್ದ. ಹಸಿವು ಹೆಚ್ಚಿದ್ದು ಯಾವುದರಿಂದ, ಮೈ ತುಂಬಿದ್ದು ಯಾವುದರಿಂದ ಎಂದು ಹೇಳುವವರು ಯಾರು? ಹಕೀಮರು ಪ್ರಾಮಾಣಿಕರು. "ನಂಗೂ ಗೊತ್ತಿಲ್ಲ, ನೋಡಬೇಕು" ಎಂದರು.

ಹೇಗೆ ನೋಡುವುದು? ಪಟ್ಟಣದಲ್ಲಿ ಓದಿಬಂದ ಅವರ ಸಂಬಂಧಿಕನೊಬ್ಬ ದಾರಿ ತೋರಿಸಿದ. ಜೈಲಿನಲ್ಲಿ ಇಂಥ ರೋಗಿಗಳು ಇರುತ್ತಾರೆ. ಎಲ್ಲರಿಗೂ ಒಂದೇ ಊಟ, ಒಂದೇ ಹೊತ್ತಿಗೆ ನಿದ್ದೆ. ನಡುವೆ ಬಿಟ್ಟು ಹೋಗುವವರಿಲ್ಲ. ದಿನಾ ಲೆಕ್ಕ ಇಡಬಹುದು. ನೈತಿಕ ಸಮಿತಿಯ ಅನುಮತಿ ಬೇಕಾಗುತ್ತದೆ; ಅದಕ್ಕೆ ಕೈದಿಗಳಿಗೆ ಓದಿ ಹೇಳುವ ಒಪ್ಪಿಗೆ ಪತ್ರ ಕನ್ನಡದಲ್ಲೂ ಉರ್ದುವಿನಲ್ಲೂ ಇರಬೇಕು. ಆ ಕೆಲಸ ನಮ್ಮ ಪಾಲಿಗೆ ಬಂತು. "ಬೇಟಾ, ಇಷ್ಟೆಲ್ಲಾ ಕಥಿ ಬರೀತಿ, ಒಂದ್ ಕಾಗದ ಬರ್ದು ಕೊಡು" ಎಂದರು ಹಕೀಮ್ ಚಾಚಾ.

ನಾವು ಬರೆಯಲು ಕುಳಿತೆವು. ಔಷಧಿಯ ಹೆಸರು, ಎಷ್ಟು ದಿನ, ಎಷ್ಟು ಸಲ ರಕ್ತ ತೆಗೆಯುತ್ತಾರೆ ಎಂಬುದನ್ನೆಲ್ಲ ಸರಳವಾಗಿ ಬರೆದೆವು. ಕೊನೆಗೆ ಒಂದು ವಾಕ್ಯ ಬರೆಯಬೇಕಿತ್ತು: ನೀವು ಬೇಡ ಎಂದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ. ಅಲ್ಲಿ ನಮ್ಮ ಕೈ ನಿಂತಿತು. ಈ ಮಾತನ್ನು ಯಾರು ಯಾರಿಗೆ ಕೊಡುತ್ತಿದ್ದಾರೆ? ಜೈಲಿನಲ್ಲಿ ತೊಂದರೆ ಆಗುವುದು ಬಿಡುವುದು ಹಕೀಮರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಂತೂ ಇಲ್ಲ. ಬ್ಯಾರಕ್ಕಿನ ಬೀಗ ಯಾರ ಬಳಿ ಇದೆಯೋ ಅವರೇ ಅದನ್ನು ನಿಜ ಮಾಡಬೇಕು. ನಾವು ಬರೆದರೆ ಅದು ಬರೀ ಅಕ್ಷರ.

ಬೀದರ್ ಸೀಮೆಯವರಿಗೆ ಇಂಥ ಕಾಗದದ ಕಥೆ ಹೊಸದಲ್ಲ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಸತ್ತದ್ದು ಒಂದು ಕಾಗದದಿಂದ. ಅವನ ಮೊಹರನ್ನು ಕಾಯುತ್ತಿದ್ದವನನ್ನು ಶತ್ರುಗಳು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿದರು. ಆಮೇಲೆ ಅದರಲ್ಲಿ ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ತುಂಬಿದರು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸುಲ್ತಾನನು ವಿಚಾರಿಸದೆ 1481ರಲ್ಲಿ ಗವಾನನನ್ನು ಕೊಲ್ಲಿಸಿದ. ಮೊಹರು ಅಸಲಿಯೇ ಆಗಿತ್ತು. ಆದರೆ ಮೊಹರಿನ ಹಿಂದೆ ಗವಾನ್ ಇರಲಿಲ್ಲ. ಕೈದಿಯ ಹೆಬ್ಬೆಟ್ಟಿನ ಗುರುತೂ ಅಸಲಿಯೇ ಇರುತ್ತದೆ. ಅದರ ಹಿಂದೆ ಆ ಮನುಷ್ಯ ಇದ್ದಾನೆಯೇ ಎಂಬುದೇ ಪ್ರಶ್ನೆ.

ಜೈಲಿನವರ ಮೇಲೆ ಔಷಧಿ ನೋಡುವ ಯೋಚನೆ ಮೆಹಕರದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ನೂರಾರು ಕೈದಿಗಳಿಗೆ ಮಲೇರಿಯಾ ಹತ್ತಿಸಿ ಔಷಧಿಗಳನ್ನು ಪರೀಕ್ಷಿಸಲಾಯಿತು. ಅವರು ಒಪ್ಪಿ ಬಂದವರೆಂದೇ ದಾಖಲೆ. ಹಲವರಿಗೆ ಶಿಕ್ಷೆಯಲ್ಲಿ ರಿಯಾಯಿತಿಯೂ ಸಿಕ್ಕಿತು. ಬಿಡುಗಡೆಯ ಆಸೆ ಇರುವವನು ಕೊಟ್ಟ ಒಪ್ಪಿಗೆಯಲ್ಲಿ ಒಪ್ಪಿಗೆ ಎಷ್ಟು, ಆಸೆ ಎಷ್ಟು? ನ್ಯೂರೆಂಬರ್ಗಿನಲ್ಲಿ ನಾಜಿ ವೈದ್ಯರ ವಿಚಾರಣೆ ನಡೆದಾಗ ಅವರ ಪರ ವಕೀಲರು ಇದೇ ಜೈಲನ್ನು ಎತ್ತಿ ತೋರಿಸಿದರು. 1947ರ ತೀರ್ಪಿನಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರವೇ ಸ್ವಯಂಪ್ರೇರಿತ ಒಪ್ಪಿಗೆ. ಹಾಗಿದ್ದೂ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಪ್ರಯೋಗಗಳು ನಡೆದೇ ಇದ್ದವು. ಅವರಿಗೆ ಕೈಗೆ ಒಂದಿಷ್ಟು ಡಾಲರ್ ಸಿಗುತ್ತಿತ್ತು. ಹೊರಗಿನವನಿಗೆ ಅದು ಚಿಲ್ಲರೆ, ಒಳಗಿನವನಿಗೆ ಸಂಪತ್ತು.

ಅಮೆರಿಕದವರೆಗೆ ಏಕೆ ಹೋಗಬೇಕು? ಇಂದಿನ ತೆಲಂಗಾಣದ ಖಮ್ಮಂ ಜಿಲ್ಲೆಯನ್ನೇ ನೋಡಿ. ಆಗ ಅದು ಆಂಧ್ರಪ್ರದೇಶದಲ್ಲಿತ್ತು. 2009ರಲ್ಲಿ ಅಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ ಹಾಕುವ ಯೋಜನೆಯೊಂದು ನಡೆಯಿತು. ಖಮ್ಮಂನಲ್ಲಿ ಅನೇಕರು ಹಾಸ್ಟೆಲುಗಳಲ್ಲಿದ್ದ ಆದಿವಾಸಿ ಮಕ್ಕಳು. ತಂದೆತಾಯಿ ಹಳ್ಳಿಗಳಲ್ಲಿ, ಮಕ್ಕಳು ಇಲ್ಲಿ. 2010ರಲ್ಲಿ ಯೋಜನೆ ನಿಂತ ಮೇಲೆ ತನಿಖೆಯಲ್ಲಿ ಒಪ್ಪಿಗೆ ಪತ್ರಗಳನ್ನು ಎಣಿಸಿದಾಗ 9,543ರಲ್ಲಿ 2,763 ಪತ್ರಗಳಿಗೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್ನರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿತು.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ನೋಡಬೇಕು. ಆ ಲಸಿಕೆ ಕೆಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುತ್ತದೆ. ಔಷಧಿ ಒಳ್ಳೆಯದಾಗಿದ್ದರೆ ಕೇಳದಿದ್ದ ತಪ್ಪು ಅಳಿಸಿಹೋಗುತ್ತದೆಯೇ? ಇಲ್ಲ. ವಾರ್ಡನ್ ಮಕ್ಕಳ ಹಿತ ಬಯಸಿದ್ದಿರಬಹುದು. ಆದರೆ ಹಿತ ಬಯಸುವುದು ಬೇರೆ, ಇನ್ನೊಬ್ಬರ ಪರವಾಗಿ ಸಹಿ ಹಾಕುವುದು ಬೇರೆ. ಜೈಲರನೂ ಒಂದು ರೀತಿಯಲ್ಲಿ ವಾರ್ಡನ್ನೇ.

ಇನ್ನು ಗಿಡಮೂಲಿಕೆಯ ಮಾತು. ನಮ್ಮ ಜನರಿಗೆ ಇಂಗ್ಲಿಷ್ ಔಷಧಿಯ ಮೇಲೆ ಗುಮಾನಿ, ಬೇರು ಕಾಂಡದ ಮೇಲೆ ಭರವಸೆ. ಗಿಡ ತಾನೆ, ಏನು ಮಾಡೀತು ಎನ್ನುತ್ತೇವೆ. ಹಾಗಾಗಿ ಒಪ್ಪಿಗೆ ಕೇಳುವುದೂ ಸಡಿಲವಾಗುತ್ತದೆ. ಆದರೆ ಗಿಡ ಮೈಗೆ ಒಳ್ಳೆಯದು ಮಾಡುವಷ್ಟು ಶಕ್ತಿಯುಳ್ಳದ್ದಾದರೆ ಕೆಟ್ಟದ್ದು ಮಾಡುವ ಶಕ್ತಿಯೂ ಅದಕ್ಕೆ ಇರಲೇಬೇಕು. ಯುರೋಪಿನಲ್ಲಿ ಖಿನ್ನತೆಗೆಂದು ಜನ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡವಿದೆ. ಅದನ್ನು ತೆಗೆದುಕೊಂಡವರ ರಕ್ತದಲ್ಲಿ ಇಂಡಿನಾವಿರ್ ಎಂಬ ಎಚ್‌ಐವಿ ಔಷಧಿಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದನ್ನು 2000ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ರೋಗಿ ಗುಳಿಗೆ ನುಂಗುತ್ತಲೇ ಇರುತ್ತಾನೆ, ಗುಳಿಗೆ ಕೆಲಸ ಮಾಡುವುದಿಲ್ಲ. ವೈರಸ್ಸು ಆ ಔಷಧಿಗೆ ಬಗ್ಗದಂತಾಗಬಹುದು. ಹಕೀಮರ ಕಷಾಯ ಹಾಗೆ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ಮಾಡುವುದಿಲ್ಲ ಎಂದು ಪರೀಕ್ಷಿಸದೆ ಹೇಳುವಂತಿಲ್ಲ.

ಪರೀಕ್ಷೆಯ ಮಾತು ಯುನಾನಿಗೆ ಪರಕೀಯವಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಅಲ್ ಕಾನೂನ್' ಗ್ರಂಥದ ಎರಡನೆಯ ಭಾಗದಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳನ್ನು ಹಾಕಿಕೊಟ್ಟ. ಔಷಧಿ ಬೆರಕೆಯಿಲ್ಲದ್ದಾಗಿರಬೇಕು, ಪರಿಣಾಮ ಒಮ್ಮೆ ಮಾತ್ರವಲ್ಲ, ಮತ್ತೆಮತ್ತೆ ಕಾಣಬೇಕು, ಕೊನೆಗೆ ಮನುಷ್ಯನ ಮೈಮೇಲೆಯೇ ನೋಡಬೇಕು, ಪ್ರಾಣಿಯ ಮೇಲೆ ಆದದ್ದು ಮನುಷ್ಯನಿಗೂ ಆದೀತೆಂದಿಲ್ಲ ಎಂದ. ಹಕೀಮ್ ಚಾಚಾ "ನೋಡಬೇಕು" ಎಂದದ್ದು ಅದೇ ಪರಂಪರೆಯ ಮಾತು. ಆದರೆ ಯಾರ ಮೈಮೇಲೆ, ಅವರನ್ನು ಹೇಗೆ ಕೇಳಿ ಎಂಬ ಪ್ರಶ್ನೆ ನಮ್ಮ ಕಾಲದ್ದು. ಅದಕ್ಕೆ ನಾವೇ ಉತ್ತರ ಹುಡುಕಬೇಕು.

ಉತ್ತರ ಹುಡುಕದೆ ಭಕ್ತಿಯನ್ನು ಮುಂದಿಟ್ಟರೆ ಏನಾಗುತ್ತದೆ ಎಂಬುದನ್ನು ಗ್ಯಾಂಬಿಯಾ ಕಂಡಿತು. ಪಶ್ಚಿಮ ಆಫ್ರಿಕಾದ ಆ ಪುಟ್ಟ ಮುಸ್ಲಿಂ ಬಹುಸಂಖ್ಯಾತ ದೇಶದ ಅಧ್ಯಕ್ಷ ಯಾಹ್ಯಾ ಜಮ್ಮೆ 2007ರ ಜನವರಿಯಲ್ಲಿ ತಾನು ಗಿಡಮೂಲಿಕೆಯಿಂದ ಏಡ್ಸ್ ವಾಸಿಮಾಡುತ್ತೇನೆಂದು ಘೋಷಿಸಿದ. ಕುರ್‌ಆನ್ ಹಿಡಿದು, ರೋಗಿಗಳ ಮೈಗೆ ಲೇಪ ಹಚ್ಚಿ, ಕಷಾಯ ಕುಡಿಸುವುದನ್ನು ಟಿವಿಯಲ್ಲಿ ತೋರಿಸಿದ. ಅವರ ಎಆರ್‌ಟಿ ಗುಳಿಗೆಗಳನ್ನು ನಿಲ್ಲಿಸಲಾಯಿತು. ಸಂಶಯ ವ್ಯಕ್ತಪಡಿಸಿದ ವಿಶ್ವಸಂಸ್ಥೆಯ ಪ್ರತಿನಿಧಿಯನ್ನು ದೇಶದಿಂದ ಹೊರಗೆ ಕಳಿಸಲಾಯಿತು. 2017ರಲ್ಲಿ ಜಮ್ಮೆ ದೇಶ ಬಿಟ್ಟ ಮೇಲೆ, 2018ರಲ್ಲಿ ಬದುಕುಳಿದ ಮೂವರು ರೋಗಿಗಳು ಅವನ ಮೇಲೆ ಮೊಕದ್ದಮೆ ಹೂಡಿದರು. ಆ ರೋಗಿಗಳು ಕೈದಿಗಳೇನಲ್ಲ. ಆದರೂ ಸರ್ವಾಧಿಕಾರಿಗೆ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಅಧಿಕಾರ ಇರುವವನು ಔಷಧಿ ಹಿಡಿದು ನಿಂತರೆ ಇಡೀ ದೇಶವೇ ಬ್ಯಾರಕ್ಕಾಗುತ್ತದೆ.

ಜಮ್ಮೆ ಕೈಯಲ್ಲಿ ಹಿಡಿದಿದ್ದ ಗ್ರಂಥವೇ ಬಡವ, ಅನಾಥ ಮತ್ತು ಸೆರೆಯಾಳು ಈ ಮೂವರಿಗೆ ಉಣಿಸುವವರನ್ನು ಹೊಗಳುತ್ತದೆ. ಉಣಿಸಿದವರು ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸುವುದಿಲ್ಲ ಎಂಬುದೂ ಅಲ್ಲಿಯೇ ಇದೆ. ಪ್ರಯೋಗ ಮಾಡುವವನು ಸೆರೆಯಾಳಿನ ಬಳಿಗೆ ಹೋಗುವುದು ಏನನ್ನೋ ಪಡೆಯಲು. ಅದು ಪಾಪವಲ್ಲ, ಆದರೆ ಅದನ್ನು ಸೇವೆ ಎಂದು ಕರೆಯಬಾರದು.

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. ಜೈಲಿನ ಬಾಗಿಲು ದಾಟಿದವನು ಮೂಲಭೂತ ಹಕ್ಕುಗಳನ್ನೆಲ್ಲ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ಹೇಳಿತು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿತರನ್ನು ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಚಿಕಿತ್ಸೆಗಾಗಲಿ ಸಂಶೋಧನೆಗಾಗಲಿ ಒಳಪಡಿಸುವಂತಿಲ್ಲ. ಸರ್ಕಾರದ ವಶದಲ್ಲಿರುವವರಿಗೂ ಚಿಕಿತ್ಸೆಯ ಹಕ್ಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೈದಿಗಳಂಥವರಿಗೆ ವಿಶೇಷ ರಕ್ಷಣೆ ಬೇಕೆನ್ನುತ್ತದೆ. ಆಯುಷ್ ಔಷಧಿಗಳ ಪ್ರಯೋಗಕ್ಕೂ 2013ರಿಂದ ಪ್ರತ್ಯೇಕ ಮಾರ್ಗಸೂಚಿ ಇದೆ. ಹೊಸ ಔಷಧಿಗಳ 2019ರ ನಿಯಮಗಳಂತೆ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಹೊರಗಿನವರಾಗಿರಬೇಕು, ವೈದ್ಯನಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು.

ಆ ಸಾಮಾನ್ಯ ವ್ಯಕ್ತಿಯ ಕುರ್ಚಿಯಲ್ಲಿ ಕೂತಂತೆ ಭಾವಿಸಿ ನಾವು ನಮ್ಮ ಅರ್ಧ ಬರೆದ ಕಾಗದವನ್ನೇ ಓದಿದೆವು. ಮೊದಲ ಪ್ರಶ್ನೆ: ಜೈಲಿನಲ್ಲೇ ಏಕೆ? ಹೊರಗೆ ಎಆರ್‌ಟಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಲ್ಲುವ ರೋಗಿಗಳಿದ್ದಾರೆ. ಬೇಡವಾದರೆ ಅವರು ಬಸ್ಸು ಹತ್ತಿ ಊರಿಗೆ ಹೋಗಬಲ್ಲರು. ಅವರನ್ನು ಬಿಟ್ಟು ಹೋಗಲಾಗದವನನ್ನೇ ಆರಿಸುವುದಕ್ಕೆ ಅನುಕೂಲವಲ್ಲದೆ ಬೇರೆ ಕಾರಣವಿದೆಯೇ? ಎರಡನೆಯದು: ಆ ಕೈದಿಗಳಿಗೆ ಸರ್ಕಾರಿ ಗುಳಿಗೆ ದಿನವೂ ತಪ್ಪದೆ ಸಿಗುತ್ತಿದೆಯೇ? 2004ರಿಂದ ಈ ದೇಶದಲ್ಲಿ ಎಆರ್‌ಟಿ ಉಚಿತ. ಅದು ಸರಿಯಾಗಿ ಸಿಗದ ಕಡೆ ಕಷಾಯ ಹಿಡಿದು ಹೋದರೆ ಬಾಯಾರಿದವನು ಯಾವ ಲೋಟವನ್ನಾದರೂ ತೆಗೆದುಕೊಳ್ಳುತ್ತಾನೆ. ಮೂರನೆಯದು: ಗುಟ್ಟು ಉಳಿಯುತ್ತದೆಯೇ? ಜೈಲಿನಲ್ಲಿ ಔಷಧಿಯ ಸಾಲಿನಲ್ಲಿ ಯಾರು ನಿಂತರೆಂಬುದು ಸಂಜೆಯೊಳಗೆ ಎಲ್ಲ ಬ್ಯಾರಕ್ಕಿಗೂ ಗೊತ್ತು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು, ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ, ಪೊಲೀಸ್ ಕಾವಲಿನಲ್ಲಿ 64 ದಿನ ಕೂಡಿಹಾಕಿದ್ದರು. ಈ ರೋಗದ ಹೆಸರೇ ಒಂದು ಜೈಲು. ಜೈಲಿನೊಳಗೆ ಇನ್ನೊಂದು ಜೈಲು ಕಟ್ಟುವುದೇ? ನಾಲ್ಕನೆಯದು: ಔಷಧಿ ಫಲಿಸಿದರೆ, ಅದನ್ನು ತನ್ನ ಮೈಮೇಲೆ ಸಹಿಸಿದವನಿಗೆ ಬಿಡುಗಡೆಯಾದ ಮೇಲೂ ಅದು ಸಿಗುತ್ತದೆಯೇ?

ಹಾಗಾದರೆ ಕೈದಿಗಳನ್ನು ಪ್ರಯೋಗಗಳಿಂದ ಪೂರ್ತಿ ದೂರ ಇಡುವುದೇ ಸರಿಯೇ? ಇಲ್ಲ ಎಂದೇ ನಮಗನಿಸುತ್ತದೆ. ಏಡ್ಸಿಗೆ ಮದ್ದಿಲ್ಲದ ದಿನಗಳಲ್ಲಿ ಪ್ರಯೋಗದ ಔಷಧಿಯೇ ರೋಗಿಗಳ ಒಂದೇ ಆಸೆಯಾಗಿತ್ತು. ಆಗ ಕೈದಿಗಳಿಗೂ ಅದರಲ್ಲಿ ಪಾಲು ಬೇಕೆಂದು ಅಮೆರಿಕದಲ್ಲಿ ವಾದಿಸಿದವರಿದ್ದರು. ಜೈಲಿನೊಳಗೆ ಕ್ಷಯ ಹೇಗೆ ಹಬ್ಬುತ್ತದೆ, ಗುಳಿಗೆ ನಡುವೆ ಏಕೆ ತಪ್ಪುತ್ತದೆ ಎಂಬುದನ್ನು ತಿಳಿಯಬೇಕಾದರೆ ಜೈಲಿನಲ್ಲೇ ಅಧ್ಯಯನ ಮಾಡಬೇಕು. ಕೈದಿಗಳ ಕಷ್ಟಕ್ಕೆ ಉತ್ತರ ಹುಡುಕಲು ಅವರ ಬಳಿ ಹೋಗುವುದು ಬೇರೆ, ನಮ್ಮ ಪ್ರಶ್ನೆಗೆ ಅವರು ಸುಲಭವಾಗಿ ಸಿಗುತ್ತಾರೆಂದು ಹೋಗುವುದು ಬೇರೆ. ಮೊದಲನೆಯದಕ್ಕೆ ಸಮಿತಿ ದಾರಿ ಮಾಡಿಕೊಡಲಿ. ಆಗಲೂ ಜೈಲಿಗೆ ಸೇರದವರೊಬ್ಬರು ಕೈದಿಯ ಜೊತೆ ಒಂಟಿಯಾಗಿ ಕೂತು ಕೇಳಬೇಕು, ಹೌದು ಎಂದವನಿಗೆ ರಿಯಾಯಿತಿ ಇರಬಾರದು, ಬೇಡ ಎಂದವನ ಹೆಸರು ಅಧಿಕಾರಿಗೆ ತಿಳಿಯಬಾರದು. ಎಷ್ಟು ಜನ ಹೌದೆಂದರು ಎಂಬುದಕ್ಕಿಂತ ಎಷ್ಟು ಜನ ಬೇಡವೆಂದರು ಎಂಬುದನ್ನು ಸಮಿತಿ ಕೇಳಲಿ. ಒಬ್ಬನೂ ಬೇಡ ಎನ್ನದ ಜೈಲಿನಲ್ಲಿ ಎಲ್ಲರ ಹೌದೂ ಸಂಶಯಾಸ್ಪದ.

ಇನ್ನೊಂದು ಮಾತು. 2022ರ ಸರ್ಕಾರಿ ಅಂಕಿಅಂಶದಂತೆ ನಮ್ಮ ಜೈಲುಗಳಲ್ಲಿರುವ ನೂರು ಜನರಲ್ಲಿ ಸುಮಾರು 76 ಮಂದಿ ವಿಚಾರಣಾಧೀನರು. ಅಪರಾಧ ಸಾಬೀತಾಗಿಲ್ಲ, ಜಾಮೀನಿಗೆ ದಿಕ್ಕಿಲ್ಲ. ಗವಾನನಂತೆ ಅವರಲ್ಲೂ ನಿರಪರಾಧಿಗಳಿರಬಹುದು. ಅಪರಾಧಿಯೇ ಆಗಿದ್ದರೂ ನ್ಯಾಯಾಲಯ ಕೊಟ್ಟ ಶಿಕ್ಷೆ ಸೆರೆವಾಸ. ಮೈಯನ್ನು ಪರರ ಉಪಯೋಗಕ್ಕೆ ಒಪ್ಪಿಸು ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

ನಾವು ಕಾಗದವನ್ನು ಅರ್ಧಕ್ಕೆ ನಿಲ್ಲಿಸಿ ಹಕೀಮ್ ಚಾಚಾರ ಬಳಿ ಹೋಗಿ ಇದನ್ನೆಲ್ಲ ಹೇಳಿದೆವು. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿಗಿ ಬರೋರು ತಾವಾಗೇ ಬರ್ತಾರ. ರುಚಿ ಹತ್ತಲಿಲ್ಲಂದ್ರ ಉಗುಳಿ ಹೋಗ್ತಾರ. ಅಲ್ಲಿ ಉಗುಳೋಕ ಬಿಡ್ತಾರೇನು?" ಎಂದರು.

ನಮ್ಮ ಕೈ ನಿಂತಿದ್ದ ವಾಕ್ಯದ ಅರ್ಥ ಅಷ್ಟೇ. ಕಾಗದ ಇನ್ನೂ ನಮ್ಮ ಬಳಿಯೇ ಇದೆ. ಉಗುಳುವ ಸ್ವಾತಂತ್ರ್ಯವನ್ನು ಬೀಗದ ಕೈ ಇರುವವರು ಮೊದಲು ಕೊಡಲಿ. ಆ ವಾಕ್ಯವನ್ನು ಆಮೇಲೆ ಬರೆಯುತ್ತೇವೆ.