ಅಕ್ಕಿ ಅಕ್ಕಿ ತಿಂತೈತೆ

ಕಳೆದ ವಿಜಯದಶಮಿಗೆ ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದೆವು. ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರವಿ, ತೊಡೆ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು ‘ಓಂ’ ಬರೆಸಿದೆ. ನಮ್ಮೂರು ಸೊಕ್ಕೆಯಲ್ಲಿ ಅದು ಮೆಕ್ಕೆಜೋಳ ಒಣಹಾಕುವ ಕಾಲ, ಅಂಗಳದ ತುಂಬ ಗುಬ್ಬಿಗಳು. ತಟ್ಟೆಯನ್ನು ಕಟ್ಟೆ ಮೇಲೆ ಬಿಟ್ಟು ಒಳಗೆ ಹೋಗಿದ್ದೆ. ಮೂರೂವರೆ ವರ್ಷದವಳು ಕೂಗಿಕೊಂಡಳು: “ಅಜ್ಜಾ, ಅಕ್ಕಿ ಅಕ್ಕಿ ತಿಂತೈತೆ!”

ನಮ್ಮ ಮನೆಯಲ್ಲಿ ‘ಹ’ ಇಲ್ಲ. ಹಾಲು ಆಲು, ಹೊಲ ಒಲ, ಹುಣಸೆಹಣ್ಣು ಉಣ್ಸೆಣ್ಣು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೂ ಅಷ್ಟೆ, ಶಾಲೆಯ ಗೇಟು ದಾಟಿದರೆ ಹಕಾರ ಅಲ್ಲೇ ಉಳಿದುಬಿಡುತ್ತಿತ್ತು. ಆದರೆ ಅವತ್ತು ಹುಡುಗಿಗೆ ಯಾವ ಗೊಂದಲವೂ ಇರಲಿಲ್ಲ. ತಿನ್ನುವುದು ಯಾವುದು, ತಿನ್ನಿಸಿಕೊಳ್ಳುವುದು ಯಾವುದು ಅವಳಿಗೆ ಗೊತ್ತು, ನನಗೂ ತಿಳಿಯಿತು. ಹಾಗಾದರೆ ಮಾತು ಇದ್ದದ್ದು ಎಲ್ಲಿ?

ಇದು ಹಳೆಯ ಜಗಳ. ‘ಗೌಃ’ (ಹಸು) ಎಂಬಲ್ಲಿ ಶಬ್ದ ಅನ್ನುವುದು ಯಾವುದನ್ನು ಎಂದು ಮೀಮಾಂಸಕ ಶಬರ ಕೇಳುತ್ತಾನೆ. ಗಕಾರ, ಔಕಾರ, ವಿಸರ್ಗ, ಇಷ್ಟೇ ಎಂಬ ಹಿಂದಿನ ಆಚಾರ್ಯ ಉಪವರ್ಷನ ಮಾತನ್ನೇ ಉತ್ತರವಾಗಿ ಮುಂದಿಡುತ್ತಾನೆ. ‘ವಾಕ್ಯಪದೀಯ’ದ ಭರ್ತೃಹರಿ ಒಪ್ಪುವುದಿಲ್ಲ. ಅವನಿಗೆ ವಾಕ್ಯ ಅಖಂಡ, ಪದ-ವರ್ಣಗಳೆಲ್ಲ ಕಲಿಸುವುದಕ್ಕೆ ನಾವು ಆಮೇಲೆ ಸೀಳಿಕೊಂಡವು. ಕಟ್ಟೆಯ ಮೇಲಿನ ಗುಬ್ಬಿ ಭರ್ತೃಹರಿಯ ಪಕ್ಷ.

ನನ್ನ ಕಸುಬು ಮಾತ್ರ ಉಪವರ್ಷನದು. ‘ರ ಗ ಸ ದ ಅ’ ಎಂದು ಶುರುಮಾಡಿ ಅರಸ, ಸರ, ಗರಗಸ ಓದಿಸಿದವನು ನಾನು. ಸೊಸೆ ಮೊಬೈಲಿನಲ್ಲಿ ಇಂಗ್ಲಿಷ್ ಫೋನಿಕ್ಸ್ ಹಾಕುತ್ತಾಳೆ: ಬ್, ಆ್ಯ, ಟ್, ಬ್ಯಾಟ್. ಅಲ್ಲಿ ಅಕ್ಷರದ ಹೆಸರು ‘ಬಿ’, ದನಿ ‘ಬ್’, ಹಾಗಾಗಿ ದನಿಯನ್ನು ಬೇರೆಯಾಗಿ ಕಲಿಸಲೇಬೇಕು. ನಮ್ಮ ‘ಕ’ದ ಹೆಸರೂ ಕ, ದನಿಯೂ ಕ. ತೊಡಕು ಕಾಗುಣಿತ, ಒತ್ತಕ್ಷರಗಳಲ್ಲಿ. ಪಾಪ, ಮೊಮ್ಮಗಳ ಊರಿನ ಹೆಸರಿಗೇ ಒತ್ತು ಇದೆ.

“ಮಾವಾ, ಹ ಹೇಳಿಕೊಡ್ರಿ, ನಾಳೆ ಸ್ಕೂಲಲ್ಲಿ ನಗ್ತಾರೆ” ಅಂದಳು ಸೊಸೆ. ಹೇಳಿದ್ದು ಸರಿಯೇ. ಆದರೂ ನನಗೆ ಮುಜುಗರ. ಅಕ್ಷರ ಅಂದರೆ ಕ್ಷರವಿಲ್ಲದ್ದು, ನಾಶವಾಗದ್ದು ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ! ಹಳಗನ್ನಡದ ಪಕ್ಕಿ ಹಕ್ಕಿಯಾಯಿತು, ನಮ್ಮ ಬಾಯಲ್ಲಿ ಅಕ್ಕಿಯಾಯಿತು. ಪಾಲ್ ಹಾಲಾಯಿತು, ಆಮೇಲೆ ಆಲು. ಪಕಾರ ಹೋಯಿತು, ಹಕಾರವೂ ಹೋಯಿತು, ಹಕ್ಕಿ ಮಾತ್ರ ಹಾರುತ್ತಲೇ ಇದೆ. ಶಬ್ದವೆಂಬುದು ದ್ರವ್ಯ, ಅದರ ಬಣ್ಣ ಬಿಳಿ ಎಂದು ‘ಶಬ್ದಮಣಿದರ್ಪಣ’ದ ಕೇಶಿರಾಜ ಬರೆದ. ದ್ರವ್ಯವಾದರೆ, ನಮ್ಮ ಬಾಯಿಂದ ಉದುರಿದ್ದು ಎಲ್ಲಿ ಬಿದ್ದಿದೆ?

ಕೊನೆಗೆ ಕಲಿಸಿದೆ. ಅವಳ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿದು, “ಬಿಸಿ ಗಾಳಿ ಬಂತೇನವ್ವಾ?” ಅಂದೆ. ‘ಅ’ ಅಂದಾಗ ಬರಲಿಲ್ಲ, ‘ಹ’ ಅಂದಾಗ ಬಂತು. ಕಣ್ಣರಳಿಸಿ ಹತ್ತು ಸಲ ಊದಿದಳು. ತಟ್ಟೆಯ ಅಕ್ಕಿಯಲ್ಲಿ ಹ ತಿದ್ದಿಸಿದೆ, ಸುತ್ತು ಸೊಟ್ಟಗಾಯಿತು, ಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಗುಬ್ಬಿಗಳು ಇಳಿದವು. ಹುಡುಗಿ ಅಂಗೈಯನ್ನು ಬಾಯಿಗೆ ಹಿಡಿದುಕೊಂಡು, ಉಸಿರೆಲ್ಲ ಒಟ್ಟುಮಾಡಿ, ಗಟ್ಟಿಯಾಗಿ ಹೇಳಿದಳು: “ಅಜ್ಜೀ, ಹಕ್ಕಿ ಹಕ್ಕಿ ತಿಂತೈತೆ!”