ಕ್ಷೇಮವೆಂದು ಬರೆದ ಕಾಗದ

ಪರಸ್ಥಳದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ಮನೆಗೆ ಬರೆಯುತ್ತಿದ್ದ ಕಾಗದಗಳಲ್ಲಿ ಹೇಳಿದುದೆಷ್ಟು, ಮರೆಸಿದುದೆಷ್ಟು? ಮರೆಸಿದುದೆಲ್ಲವೂ ಅಸತ್ಯವೆನಿಸುವುದೇ? ಕೋಲಾರದ ಸೀಮೆಗೆ ಈ ಪ್ರಶ್ನೆ ಹೊರಗಿನದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಬಿ.ಎ. ಓದಬೇಕೆಂಬ ಹುಡುಗನು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಬಿಟ್ಟು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜಾ ಕಾಲೇಜಿಗೋ ಹೋಗಬೇಕಾಗಿತ್ತು. ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮದರಾಸಿನವರೆಗೂ ಹೋಗಿ 1914ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಹೀಗೆ ಹೋದ ಮಗನಿಗೂ ಮನೆಗೂ ನಡುವೆ ಉಳಿಯುತ್ತಿದ್ದುದು ಅಂಚೆಯೊಂದೇ.

1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಕಾಗದವು ಅಗ್ಗವಾಯಿತು, ಆದರೆ ಗುಟ್ಟು ಹೋಯಿತು. ಅಕ್ಷರವರಿಯದ ತಾಯಿಗೆ ನೆರೆಯವರು ಜಗುಲಿಯ ಮೇಲೆ ಕುಳಿತು ಅದನ್ನು ಓದಬೇಕು. ಮನೆಮಾತು ತೆಲುಗಾದ ಕಡೆ ಅದರ ಭಾವವನ್ನು ತೆಲುಗಿನಲ್ಲಿ ಹೇಳಬೇಕು. ಇಷ್ಟು ಕಿವಿಗಳ ಮುಂದೆ, ವಾರಾನ್ನದ ಮನೆಯೊಂದು ತಪ್ಪಿ ಒಂದು ದಿನ ಉಪವಾಸವಿದ್ದೆನೆಂದು ಹುಡುಗನು ಬರೆಯುವುದೆಂತು? ‘ಉಭಯಕುಶಲೋಪರಿ, ಇಲ್ಲಿ ನಾನು ಕ್ಷೇಮ’ ಎಂದು ಬರೆದು ಮುಗಿಸುವನು. ಆ ಕ್ಷೇಮವು ಸಾಕ್ಷಿ ನುಡಿಯುವ ಮಾತಲ್ಲ, ನಮಸ್ಕಾರದ ಜಾತಿಯದು. ತಾಯಿಗೂ ಅದು ಗೊತ್ತು. ಈ ಸಲ ಕಾಗದವೇಕೆ ಇಷ್ಟು ಬೇಗ ಮುಗಿಯಿತೆಂದು ಅವಳು ಕೇಳದಿರಳು.

ಜರ್ಮನಿಯ ತತ್ತ್ವಜ್ಞನಾದ ಕಾಂಟನು 1792ರಲ್ಲಿ ಮರಿಯಾ ಫಾನ್ ಹೆರ್ಬರ್ಟ್ ಎಂಬ ತರುಣಿಗೆ ಬರೆದ ಪತ್ರದಲ್ಲಿ, ಮನಸ್ಸಿನಲ್ಲಿರುವುದೆಲ್ಲವನ್ನೂ ತೆರೆದು ಹೇಳದಿರುವುದು ಬೇರೆ, ಹೇಳಿದುದರಲ್ಲಿ ಸುಳ್ಳಿರುವುದು ಬೇರೆ ಎಂದು ವಿವೇಚಿಸಿದ್ದಾನೆ. ಸುಳ್ಳಿನ ವಿಷಯದಲ್ಲಿ ಅವನಷ್ಟು ನಿಷ್ಠುರರು ವಿರಳ. ಅಂಥವನೂ ಮೌನಕ್ಕೆ ಇಷ್ಟು ಎಡೆಗೊಟ್ಟನು.

ಆದರೆ ಈ ವಿವೇಚನೆಯೊಂದೇ ಸಾಲದು. ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆನ್ನೋಣ. ಕಾರ್ಡಿನಲ್ಲಿ ಆ ಸುದ್ದಿಯಿಲ್ಲ. ಸುಳ್ಳಿನ ಅಕ್ಷರವೂ ಒಂದಿಲ್ಲ. ಇತ್ತ ತಂದೆಯು ಮುಂದಿನ ವರ್ಷದ ಫೀಜಿಗೆಂದು ಕೆರೆಯ ಕೆಳಗಿನ ಗದ್ದೆಯನ್ನು ಭೋಗ್ಯಕ್ಕೆ ಹಾಕಿ ಮನಿಯಾರ್ಡರು ಕಳುಹಿಸುತ್ತಾನೆ. ಉಪವಾಸವನ್ನು ಮುಚ್ಚಿದ ಮೌನವೂ ಈ ಮೌನವೂ ಒಂದೇ ಆದಾವೆ? ಅಲ್ಲಿ ಹುಡುಗನು ತನ್ನ ಹೊರೆಯನ್ನು ತಾನು ಹೊತ್ತನು. ಇಲ್ಲಿ ತಂದೆಯು ನಿರ್ಣಯಿಸಬೇಕಾದುದನ್ನು ತಂದೆಗೆ ತಿಳಿಯದಂತೆ ತಾನೇ ನಿರ್ಣಯಿಸಿದನು. ಗದ್ದೆ ತಂದೆಯದು, ಅದನ್ನು ಕಳೆದುಕೊಳ್ಳುವುದಾದರೂ ಅರಿತು ಕಳೆದುಕೊಳ್ಳುವ ಅಧಿಕಾರವೂ ಅವನದೇ. ನಿಜವನ್ನು ತಿಳಿಸಿದ್ದರೂ ಹಣ ಬರುತ್ತಿತ್ತೇನೋ! ಬಹುಮಂದಿ ತಂದೆಯರು ಕಳುಹಿಸುವವರೇ.

ಎಲ್ಲ ಸಂದರ್ಭಗಳಲ್ಲಿಯೂ ಗೆರೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಅಂತಹ ಕಾಲದಲ್ಲಿ, ತಾನಿರುವ ಬೀದಿಯಲ್ಲಿ ಇಲಿ ಬಿದ್ದುದನ್ನು ಬರೆಯದ ಮಗನು ತಾಯಿಯ ನಿದ್ರೆಯನ್ನು ಕಾಯ್ದನೇ, ಇಲ್ಲವೆ ಅವಳು ತನ್ನನ್ನು ಮನೆಗೆ ಕರೆಯಿಸಿಕೊಳ್ಳಬಹುದಾಗಿದ್ದ ಕಡೆಯ ದಿನವನ್ನು ಅವಳಿಂದ ಕಸಿದನೇ? ತನ್ನ ನೋವೆಂದು ಮುಚ್ಚಿದುದರಲ್ಲಿ ಇನ್ನೊಬ್ಬರ ಪಾಲೂ ಎಷ್ಟೋ ವೇಳೆ ಸೇರಿರುತ್ತದೆ.

ಹಳೆಯ ಮನೆಗಳಲ್ಲಿ ಕಾಗದಗಳನ್ನು ತಂತಿಗೆ ಚುಚ್ಚಿ ತೊಲೆಗೆ ತೂಗಹಾಕುತ್ತಿದ್ದರು. ಅಂದಿನ ಕಾಲೇಜು ಜೀವನವನ್ನು ತಿಳಿಯಲೆಂದು ಅವನ್ನು ಬಿಡಿಸುವವನು ಕ್ಷೇಮವೆಂಬ ಮಾತುಗಳನ್ನು ಎಣಿಸಿ, ವಿದ್ಯಾರ್ಥಿಗಳು ಸುಖವಾಗಿದ್ದರೆಂದು ಬರೆದಾನು. ಅದೇ ತಂತಿಯಲ್ಲಿ ಮನಿಯಾರ್ಡರಿನ ರಸೀತಿಯೂ ಭೋಗ್ಯಪತ್ರದ ನಕಲೂ ಸಿಕ್ಕಬಹುದು. ಅವುಗಳ ತಾರೀಖನ್ನೂ ಕಾರ್ಡಿನ ತಾರೀಖನ್ನೂ ಅವನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.